ಟ್ಯುನೀಶಿಯನ್ ಕ್ರೋಶಾ ಹನಿಕೋಂಬ್ ಸ್ಟಿಚ್: ಎಣಿಸೋದು ಬಿಡಿ, ಉಬ್ಬು ನೋಡಿ ಹಾಕಿ

ಕ್ರೋಶಾ ಸ್ವಲ್ಪ ಬರುತ್ತೆ, ಚೈನ್ ಹಾಕೋದು ಗೊತ್ತು, ಆದ್ರೆ ಟ್ಯುನೀಶಿಯನ್ ಅಂದ ತಕ್ಷಣ ಆ ಉದ್ದ ಕಡ್ಡಿ ಮತ್ತೆ ಅದ್ರ ಮೇಲೆ ಸಾಲಾಗಿ ಕೂತಿರೋ ಇಪ್ಪತ್ತು ಮೂವತ್ತು ಲೂಪ್ ನೋಡಿ ಇದು ನಮ್ಮ ಕೈಲಾಗಲ್ಲ ಅಂತ ಪಕ್ಕಕ್ಕಿಟ್ಟಿದ್ದೀರಾ? ಹಾಗಾದ್ರೆ ಇದು ನಿಮಗೇ ಬರೆದಿದ್ದು. ಟ್ಯುನೀಶಿಯನ್‌ನಲ್ಲಿ ಮೊದಲು ಕಲಿಯೋ ಟೆಕ್ಸ್ಚರ್ ಸ್ಟಿಚ್ ಯಾವುದಿರಬೇಕು ಅಂತ ಯಾರಾದ್ರೂ ಕೇಳಿದ್ರೆ ನಾನು ಹನಿಕೋಂಬ್ ಅಂತೀನಿ. ಬೇಕಾಗಿರೋದು ಎರಡೇ ಸ್ಟಿಚ್, ಸಿಂಪಲ್ ಮತ್ತೆ ಪರ್ಲ್. ಒಂದಾದ ಮೇಲೆ ಒಂದು ಹಾಕ್ತಾ ಹೋಗೋದು, ಮುಂದಿನ ಸಾಲಲ್ಲಿ ಅದನ್ನ ಅದಲು ಬದಲು ಮಾಡೋದು, ಅಷ್ಟೇ ವಿಷಯ. ಆದ್ರೂ ಮುಗಿಸಿದ್ಮೇಲೆ ನೋಡಿದವರು ಏನೋ ಭಾರೀ ಕಷ್ಟದ ಡಿಸೈನ್ ಅನ್ಕೋತಾರೆ.

ಮೊದಲು ಸಾಮಾನು. ಟ್ಯುನೀಶಿಯನ್ ಹುಕ್ ಅಂದ್ರೆ ಮಾಮೂಲಿ ಕ್ರೋಶಾ ಹುಕ್‌ಗಿಂತ ಉದ್ದ ಇರುತ್ತೆ, ಹಿಂದಿನ ತುದೀಲಿ ಲೂಪ್ ಜಾರಿ ಬೀಳದೆ ಇರೋಕೆ ಒಂದು ಗುಂಡಿ ಇರುತ್ತೆ. ಇನ್ನೊಂದು ಥರದ್ದು ಹಿಂದೆ ಪ್ಲಾಸ್ಟಿಕ್ ಕೇಬಲ್ ಇರೋದು, ಕಂಬಳಿ ಥರ ಅಗಲ ಇರೋದನ್ನ ಹಾಕುವಾಗ ಅದೇ ಬೇಕು, ಯಾಕಂದ್ರೆ ಅಷ್ಟೂ ಲೂಪ್ ಒಂದೇ ಕಡ್ಡಿ ಮೇಲೆ ಹಿಡಿಸಲ್ಲ. ಎರಡೂ ತುದೀಲಿ ಕೊಕ್ಕೆ ಇರೋ ಹುಕ್ಕೂ ಸಿಗುತ್ತೆ, ಅದನ್ನ ಈಗ ತಗೋಬೇಡಿ, ಅದು ಬೇರೆ ಕೆಲಸಕ್ಕೆ, ಮತ್ತೆ ಹಿಂದೆ ತಡೆ ಇಲ್ಲದೆ ಇರೋದ್ರಿಂದ ಹೊಸಬರಿಗೆ ಲೂಪ್ ಎಲ್ಲಾ ಆ ಕಡೆಯಿಂದ ಜಾರ್ಕೊಂಡು ಹೋಗುತ್ತೆ. ಬರೀ ಪ್ರಾಕ್ಟೀಸ್‌ಗೆ ಅಂತಾದ್ರೆ ಹೊಸದೇನೂ ಕೊಳ್ಳೋದೇ ಬೇಡ. ಮನೇಲಿರೋ ಕ್ರೋಶಾ ಹುಕ್ಕೇ ಸಾಕು, ಆದ್ರೆ ಅದು ಕೊನೆ ತನಕ ಒಂದೇ ದಪ್ಪಕ್ಕೆ ನೇರ ಇರಬೇಕು. ಮಧ್ಯದಲ್ಲಿ ಹೆಬ್ಬೆರಳು ಇಡೋಕೆ ಚಪ್ಪಟೆ ಮಾಡಿರೋದು ಅಥವಾ ದಪ್ಪ ರಬ್ಬರ್ ಹಿಡಿ ಇರೋದು ಆಗಲ್ಲ, ಲೂಪ್ ಅಲ್ಲಿಗೆ ಬಂದು ಸಿಕ್ಕಾಕೊಳ್ಳುತ್ತೆ ಇಲ್ಲಾ ಅಗಲ ಆಗಿಬಿಡುತ್ತೆ. ಹಿಂದಿನ ತುದಿಗೆ ಒಂದು ರಬ್ಬರ್ ಬ್ಯಾಂಡ್ ನಾಲ್ಕು ಸುತ್ತು ಸುತ್ತಿಬಿಟ್ರೆ ತಡೆ ಆಯ್ತು.

ಸೈಜ್ ವಿಷಯಕ್ಕೆ ಸ್ವಲ್ಪ ಗಮನ ಕೊಡಿ, ಯಾಕಂದ್ರೆ ಟ್ಯುನೀಶಿಯನ್ ಮಾಡೋಕೆ ಹೋಗಿ ಗಟ್ಟಿ ರಟ್ಟಿನ ಥರ ಆಯ್ತು, ಸುರುಳಿ ಸುತ್ಕೊಂಡ್ತು ಅಂತ ಬಿಟ್ಟವರಲ್ಲಿ ಸುಮಾರು ಜನ ಎಡವೋದು ಇಲ್ಲೇ. ಇದರ ಬಟ್ಟೆ ಮಾಮೂಲಿ ಕ್ರೋಶಾಗಿಂತ ದಪ್ಪ, ಒತ್ತೊತ್ತಾಗಿ ಬರುತ್ತೆ. ಅದಕ್ಕೆ ಉಲ್ಲನ್ ಉಂಡೆ ಲೇಬಲ್ ಮೇಲೆ ಯಾವ ಹುಕ್ ಅಂತ ಬರೆದಿದ್ಯೋ ಅದಕ್ಕಿಂತ ಒಂದೂವರೆಯಿಂದ ಎರಡು ಮಿಲಿಮೀಟರ್ ದಪ್ಪದ್ದು ತಗೋಬೇಕು. ಲೇಬಲ್ ಮೇಲೆ 4 ಮಿ.ಮೀ. ಅಂತಿದ್ರೆ ನೀವು 5.5 ಅಥವಾ 6 ತಗೊಳ್ಳಿ, 5 ಅಂತಿದ್ರೆ 6.5 ಅಥವಾ 7. ಇಷ್ಟು ದಪ್ಪ ಹುಕ್ಕಾ ಅಂತ ಅನ್ಸುತ್ತೆ, ಅನ್ನಿಸ್ಲಿ ಬಿಡಿ. ದಾರ ತಿಳಿ ಬಣ್ಣದ್ದು, ನುಣುಪಾಗಿರೋದು, ತುಂಬ ತೆಳು ಅಲ್ಲದ್ದು ಇರ್ಲಿ. ಕಪ್ಪು, ಕಡುನೀಲಿ, ಜುಬ್ಬುಜುಬ್ಬಾಗಿ ನಾರು ನಾರು ಇರೋದು ಯಾವುದೂ ಈಗ ಬೇಡ, ಈ ಸ್ಟಿಚ್‌ನಲ್ಲಿ ಕಣ್ಣಿಂದ ನೋಡಿ ಗುರುತು ಹಿಡಿಯೋದೇ ಮುಖ್ಯ ಕೆಲಸ ಆಗಿರೋದ್ರಿಂದ ಕಾಣದೆ ಇರೋ ದಾರದಲ್ಲಿ ಕಲಿಯೋಕೆ ಕೂತ್ರೆ ನಿಮ್ಮ ತಾಳ್ಮೆಯೇ ಮೊದಲು ಖಾಲಿ ಆಗೋದು.

ಇನ್ನು ಟ್ಯುನೀಶಿಯನ್ ಹೇಗೆ ನಡೆಯುತ್ತೆ ಅಂತ. ಮಾಮೂಲಿ ಕ್ರೋಶಾದಲ್ಲಿ ಒಂದು ಸ್ಟಿಚ್ ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗ್ತೀವಿ, ಸಾಲು ಮುಗಿದ್ರೆ ಹೆಣಿಗೆ ತಿರುಗಿಸ್ತೀವಿ. ಇಲ್ಲಿ ತಿರುಗಿಸೋದೇ ಇಲ್ಲ, ಮುಂಭಾಗ ಯಾವಾಗ್ಲೂ ನಿಮ್ಮ ಕಡೆಗೇ ಇರುತ್ತೆ. ಒಂದು ಸಾಲು ಅಂದ್ರೆ ಎರಡು ಓಡಾಟ. ಬಲದಿಂದ ಎಡಕ್ಕೆ ಹೋಗ್ತಾ ಪ್ರತಿ ಸ್ಟಿಚ್‌ನಿಂದ ಒಂದೊಂದು ಲೂಪ್ ಎತ್ತಿ ಕಡ್ಡಿ ಮೇಲೇ ಇಟ್ಕೊಳ್ಳೋದು, ಇದು ಫಾರ್ವರ್ಡ್ ಪಾಸ್. ಆಮೇಲೆ ಎಡದಿಂದ ಬಲಕ್ಕೆ ವಾಪಸ್ ಬರ್ತಾ ಆ ಲೂಪ್‌ಗಳನ್ನ ಒಂದೊಂದಾಗಿ ಇಳಿಸೋದು, ಇದು ರಿಟರ್ನ್ ಪಾಸ್. ಎಡಗೈಯವರು ಈ ಬಲ ಎಡ ಎಲ್ಲಾ ಉಲ್ಟಾ ಓದ್ಕೊಳ್ಳಿ, ಬೇರೆ ಏನೂ ಬದಲಾಗಲ್ಲ. ಹಳೇ ಪ್ಯಾಟರ್ನ್‌ಗಳಲ್ಲಿ ಇದನ್ನೇ ಅಫ್ಘಾನ್ ಕ್ರೋಶಾ ಅಂತಾನೂ ಬರೆದಿರ್ತಾರೆ, ಗಾಬರಿ ಆಗ್ಬೇಡಿ, ಎರಡೂ ಒಂದೇ.

ಪ್ರಾಕ್ಟೀಸ್‌ಗೆ 20 ಚೈನ್ ಹಾಕಿ. ಬಿಗಿಯಾಗಿ ಬೇಡ, ಸಡಿಲವಾಗಿ. ಈಗ ಚೈನನ್ನ ತಿರುವಿ ಹಿಂದುಗಡೆ ನೋಡಿದ್ರೆ ಪ್ರತಿ ಚೈನ್‌ಗೂ ಒಂದು ಸಣ್ಣ ಉಬ್ಬು ಕಾಣುತ್ತೆ, ಹುಕ್ ಹಾಕಬೇಕಾಗಿರೋದು ಅಲ್ಲಿಗೆ. ಮುಂದಿನ ವಿ ಆಕಾರದಲ್ಲೂ ಹಾಕಬಹುದು, ತಪ್ಪೇನಿಲ್ಲ, ಆದ್ರೆ ಹಿಂದಿನ ಉಬ್ಬಲ್ಲಿ ಹಾಕಿದ್ರೆ ಕೆಳಗಿನ ಅಂಚು ನೀಟಾಗಿ ಬರುತ್ತೆ, ಕೊನೇಲಿ ಬಾರ್ಡರ್ ಹಾಕೋಕೂ ಅನುಕೂಲ. ಹುಕ್ ಮೇಲೆ ಈಗಾಗ್ಲೇ ಇರೋ ಲೂಪ್ ಒಂದನೇದು. ಹುಕ್‌ನಿಂದ ಎರಡನೇ ಚೈನಿಗೆ ಹುಕ್ ತೂರಿಸಿ, ದಾರ ಸುತ್ತಿ, ಲೂಪ್ ಎಳೆದು ಹಾಗೇ ಬಿಡಿ. ಮುಂದಿನ ಚೈನ್, ಅದೇ ಕೆಲಸ. ಕೊನೆ ತನಕ ಹೋದ್ರೆ ಕಡ್ಡಿ ಮೇಲೆ 20 ಲೂಪ್ ಇರಬೇಕು.

ವಾಪಸ್ ಬರೋದು ಹೀಗೆ: ದಾರ ಸುತ್ತಿ ಮೊದಲು ಒಂದೇ ಒಂದು ಲೂಪ್‌ನಿಂದ ಎಳೀರಿ. ಆಮೇಲೆ ದಾರ ಸುತ್ತಿ ಎರಡು ಲೂಪ್‌ನಿಂದ ಎಳೀರಿ, ಮತ್ತೆ ಸುತ್ತಿ ಎರಡರಿಂದ, ಹೀಗೇ ಕಡ್ಡಿ ಮೇಲೆ ಒಂದೇ ಲೂಪ್ ಉಳಿಯೋ ತನಕ. ಆ ಶುರುವಿನ ಒಂದು ಲೂಪ್ ವಿಷಯ ಮರೀಬೇಡಿ, ನೇರವಾಗಿ ಎರಡರಿಂದ ಎಳೆಯೋಕೆ ಶುರು ಮಾಡಿದ್ರೆ ಎಡಗಡೆ ಅಂಚು ಒಳಗೆ ಎಳ್ಕೊಂಡು ಹೋಗುತ್ತೆ. ಕೊನೇಲಿ ಉಳಿದ ಆ ಒಂದು ಲೂಪ್ ಮುಂದಿನ ಸಾಲಿನ ಮೊದಲ ಸ್ಟಿಚ್ ಅಂತ ಲೆಕ್ಕ, ಅದನ್ನ ಹಾಗೇ ಇಟ್ಕೊಳ್ಳಿ.

ಈಗ ಹೆಣಿಗೆ ನೋಡಿ. ಸಾಲಾಗಿ ನೆಟ್ಟಗೆ ನಿಂತಿರೋ ದಾರಗಳು ಕಾಣ್ತಿವೆ ಅಲ್ವಾ, ಅವನ್ನ ಕಂಬ ಅಂತ ಕರೆಯೋಣ, ಇಂಗ್ಲಿಷ್ ಪ್ಯಾಟರ್ನ್‌ನಲ್ಲಿ ವರ್ಟಿಕಲ್ ಬಾರ್ ಅಂತಾರೆ. ಹುಕ್‌ನ ಲೂಪ್ ಕೆಳಗೇ ಇರೋ ಬಲತುದಿಯ ಮೊದಲ ಕಂಬ ಬಿಟ್ಟುಬಿಡಿ, ಅದರದ್ದು ಆಗ್ಲೇ ಕಡ್ಡಿ ಮೇಲಿದೆ. ಎರಡನೇ ಕಂಬದಿಂದ ನಮ್ಮ ಕೆಲಸ.

ಸಿಂಪಲ್ ಸ್ಟಿಚ್, ಪ್ಯಾಟರ್ನ್‌ನಲ್ಲಿ ಟಿಎಸ್‌ಎಸ್ ಅಂತ ಇರುತ್ತೆ: ದಾರ ಹಿಂದೆ ಇರಲಿ. ಹುಕ್ಕನ್ನ ಬಲದಿಂದ ಎಡಕ್ಕೆ ಕಂಬದ ಹಿಂದೆ ತೂರಿಸಿ, ದಾರ ಸುತ್ತಿ, ಲೂಪ್ ಎಳೀರಿ. ಮುಗೀತು. ಹುಕ್ ಆ ಮುಂದಿನ ಒಂದು ಕಂಬದ ಹಿಂದೆ ಮಾತ್ರ ಹೋಗಬೇಕು, ಹೆಣಿಗೆ ತೂರ್ಕೊಂಡು ಹಿಂಭಾಗಕ್ಕೆ ಹೊರಗೆ ಬಂದ್ರೆ ಅದು ಬೇರೆ ಸ್ಟಿಚ್ ಆಗಿಹೋಗುತ್ತೆ, ನಿಟ್ ಸ್ಟಿಚ್ ಅಂತಾರೆ ಅದಕ್ಕೆ.

ಪರ್ಲ್ ಸ್ಟಿಚ್, ಅಂದ್ರೆ ಟಿಪಿಎಸ್: ಇದರಲ್ಲಿ ಬೆರಳು ಸ್ವಲ್ಪ ತಡವರಿಸುತ್ತೆ, ಅದಕ್ಕೆ ನಿಧಾನಕ್ಕೆ ಹೇಳ್ತೀನಿ. ಮೊದಲು ದಾರವನ್ನ ಹೆಣಿಗೆಯ ಮುಂದೆ ತನ್ನಿ, ಅಂದ್ರೆ ನಿಮ್ಮ ಕಡೆಗೆ. ಅದು ಮುಂದೆ ಇರೋ ಹಾಗೇ ಎಡಗೈ ಹೆಬ್ಬೆರಳಿಂದ ಒತ್ತಿ ಹಿಡ್ಕೊಳ್ಳಿ. ಈಗ ಹುಕ್ಕನ್ನ ಸಿಂಪಲ್‌ನಲ್ಲಿ ಹಾಕಿದ ಹಾಗೇ ಬಲದಿಂದ ಎಡಕ್ಕೆ ಕಂಬದ ಹಿಂದೆ ತೂರಿಸಿ. ಹುಕ್ ಒಳಗೆ ಹೋದ್ಮೇಲೆ ಮುಂದಿರೋ ದಾರವನ್ನ ಹುಕ್ಕಿನ ಕೆಳಗಿಂದ ಹಿಂದಕ್ಕೆ ಕಳಿಸಿ, ಅಲ್ಲಿಂದ ಮಾಮೂಲಿ ಥರ ಹುಕ್ಕಿಗೆ ಸುತ್ತಿ ಲೂಪ್ ಎಳೀರಿ. ಎಳೆದಾಗ ಕಂಬದ ಮುಂದೆ ಅಡ್ಡಕ್ಕೆ ಒಂದು ದಾರ ಕೂರುತ್ತೆ, ಅದೇ ಉಬ್ಬು, ಇಡೀ ಡಿಸೈನ್ ಬರೋದೇ ಅದರಿಂದ. ತುಂಬ ಜನ ಇಲ್ಲಿ ಏನ್ಮಾಡ್ತಾರೆ ಅಂದ್ರೆ ಹುಕ್ ತೂರಿಸೋಕೆ ಮುಂಚೇನೇ ದಾರ ಹಿಂದಕ್ಕೆ ಕಳಿಸಿಬಿಡ್ತಾರೆ, ಆಗ ಅದು ಸಿಂಪಲ್ ಸ್ಟಿಚ್ಚೇ ಆಗುತ್ತೆ, ಉಬ್ಬು ಬರಲ್ಲ. ದಾರ ಮುಂದೆ, ಹುಕ್ ಒಳಗೆ, ದಾರ ಹಿಂದೆ, ಸುತ್ತಿ ಎಳಿ. ಈ ಕ್ರಮ ಬಾಯಲ್ಲಿ ಹೇಳ್ಕೊಂಡೇ ಮೊದಲ ಸಾಲು ಹಾಕಿ, ಯಾರಾದ್ರೂ ಕೇಳಿಸ್ಕೊಂಡ್ರೆ ಕೇಳಿಸ್ಕೊಳ್ಳಲಿ. ಒಳ್ಳೇ ಸುದ್ದಿ ಅಂದ್ರೆ ಪರ್ಲ್ ಮುಗಿದಾಗ ದಾರ ತಾನಾಗೇ ಹಿಂದೆ ಬಂದಿರುತ್ತೆ, ಹಾಗಾಗಿ ಮುಂದಿನ ಸಿಂಪಲ್‌ಗೆ ಅದನ್ನ ಮತ್ತೆ ಸರಿಸೋ ಕೆಲಸ ಇಲ್ಲ.

ಎರಡೂ ಬಂದ ಮೇಲೆ ಹನಿಕೋಂಬ್ ಏನಿಲ್ಲ. ಎರಡನೇ ಸಾಲು: ಬಲತುದಿಯ ಕಂಬ ಬಿಟ್ಟು, ಸಿಂಪಲ್ ಒಂದು, ಪರ್ಲ್ ಒಂದು, ಸಿಂಪಲ್, ಪರ್ಲ್, ಹೀಗೆ ಎಡತುದಿಯ ಕೊನೇ ಕಂಬ ಉಳಿಯೋ ತನಕ. 20 ಚೈನ್ ಹಾಕಿದ್ರೆ ಮಧ್ಯದಲ್ಲಿ 18 ಸ್ಟಿಚ್ ಇರುತ್ತೆ, ಅಂದ್ರೆ ಒಂಬತ್ತು ಜೋಡಿ. ಕೊನೇ ಕಂಬಕ್ಕೆ ಮಾತ್ರ ಬೇರೆ ಥರ ಹಾಕಬೇಕು. ಹೆಣಿಗೆಯ ಎಡ ಅಂಚನ್ನ ಸ್ವಲ್ಪ ನಿಮ್ಮ ಕಡೆಗೆ ಓರೆ ಮಾಡಿ ನೋಡಿದ್ರೆ ಅಲ್ಲಿ ಮುಂದೊಂದು ಹಿಂದೊಂದು ಎರಡು ದಾರ ಕಾಣುತ್ತೆ, ಎರಡರ ಕೆಳಗೂ ಹುಕ್ ತೂರಿಸಿ ಲೂಪ್ ಎಳೀರಿ. ಒಂದರಲ್ಲೇ ಹಾಕಿದ್ರೆ ಅಂಚು ಜೋತುಬಿದ್ದು ಗೋಜಲಾಗಿ ಕಾಣುತ್ತೆ. ಈ ಕೊನೇ ಸ್ಟಿಚ್ ಪ್ರತಿ ಸಾಲಲ್ಲೂ ಸಿಂಪಲ್ಲೇ, ಅದನ್ನ ಪರ್ಲ್ ಮಾಡೋಕೆ ಹೋಗ್ಬೇಡಿ. ರಿಟರ್ನ್ ಪಾಸ್ ಮೊದಲ ಸಾಲಿನ ಥರಾನೇ, ಒಂದರಿಂದ ಒಮ್ಮೆ, ಆಮೇಲೆ ಎರಡೆರಡು. ಯಾವ ಸ್ಟಿಚ್ ಹಾಕಿದ್ರೂ ವಾಪಸ್ ಬರೋದು ಮಾತ್ರ ಬದಲಾಗಲ್ಲ.

ಮೂರನೇ ಸಾಲು: ಪರ್ಲ್ ಮೊದಲು, ಆಮೇಲೆ ಸಿಂಪಲ್, ಪರ್ಲ್, ಸಿಂಪಲ್. ನಾಲ್ಕನೇದು ಎರಡನೇ ಸಾಲಿನ ಥರ, ಐದನೇದು ಮೂರನೇ ಸಾಲಿನ ಥರ. ಅಂದ್ರೆ ಕೆಳಗೆ ಸಿಂಪಲ್ ಇದ್ದ ಕಡೆ ಮೇಲೆ ಪರ್ಲ್ ಬರುತ್ತೆ, ಪರ್ಲ್ ಇದ್ದ ಕಡೆ ಸಿಂಪಲ್.

ನಾನು ಹೇಳ್ಬೇಕಂತಿರೋ ಅಸಲು ಮಾತು ಇದೇ. ಸಾಲಿನ ನಂಬರ್ ನೆನಪಿಟ್ಕೊಂಡು, ಇದು ಸಮ ಸಾಲಾ ಬೆಸ ಸಾಲಾ ಅಂತ ತಲೆ ಕೆಡಿಸ್ಕೊಂಡು ಹಾಕೋದೆಲ್ಲಾ ಬೇಡವೇ ಬೇಡ. ಮುಂದಿನ ಕಂಬ ನೋಡಿ. ಅದರ ಬುಡದಲ್ಲಿ ಅಡ್ಡಕ್ಕೆ ಉಬ್ಬು ಇದ್ಯಾ? ಹಾಗಿದ್ರೆ ಅದು ಹೋದ ಸಾಲಲ್ಲಿ ಪರ್ಲ್ ಆಗಿತ್ತು, ಈಗ ಸಿಂಪಲ್ ಹಾಕಿ. ಉಬ್ಬಿಲ್ಲದೆ ಕಂಬ ಬೋಳಾಗಿ ನಿಂತಿದ್ಯಾ? ಪರ್ಲ್ ಹಾಕಿ. ಇಷ್ಟು ಗುರುತು ಹಿಡಿಯೋಕೆ ಬಂದ್ರೆ ಟೀವಿ ನೋಡ್ಕೊಂಡು ಹಾಕಬಹುದು, ಮಧ್ಯದಲ್ಲಿ ಎದ್ದು ಹೋಗಿ ನಾಲ್ಕು ದಿನ ಬಿಟ್ಟು ಬಂದ್ರೂ ಎಲ್ಲಿದ್ದೆ ಅಂತ ಹುಡುಕೋ ಹಾಗಿಲ್ಲ, ಹೆಣಿಗೇನೇ ಹೇಳುತ್ತೆ. ಇದರಿಂದ ಇನ್ನೊಂದು ಲಾಭ ಏನಂದ್ರೆ ಚೈನ್ ಎಷ್ಟು ಹಾಕಬೇಕು ಅನ್ನೋ ತಲೆನೋವೂ ಇಲ್ಲ. 20 ಆದ್ರೂ ಸರಿ, 21 ಆದ್ರೂ ಸರಿ. ಬೆಸ ಸಂಖ್ಯೆ ಇದ್ರೆ ಎರಡನೇ ಸಾಲು ಸಿಂಪಲ್‌ನಲ್ಲಿ ಶುರುವಾಗಿ ಸಿಂಪಲ್‌ನಲ್ಲೇ ಮುಗಿಯುತ್ತೆ, ಮೂರನೇದು ಪರ್ಲ್‌ನಲ್ಲಿ ಶುರುವಾಗಿ ಪರ್ಲ್‌ನಲ್ಲಿ, ಅಷ್ಟೇ ವ್ಯತ್ಯಾಸ. ಅಂದ್ರೆ ಅಗಲ ಎಷ್ಟು ಬೇಕೋ ಅಷ್ಟು ಚೈನ್ ಹಾಕಿ ಶುರು ಮಾಡ್ಬಹುದು.

ಎರಡು ಮೂರು ಸಾಲಿಗೇ ಡಿಸೈನ್ ಕಾಣ್ತಿಲ್ಲ ಅಂತ ಬಿಚ್ಚಬೇಡಿ. ಐದಾರು ಸಾಲು ಆಗೋ ತನಕ ಅದು ಬರೀ ಗಡಿಬಿಡಿ ಥರ ಕಾಣುತ್ತೆ, ಆಮೇಲೆ ಉಬ್ಬುಗಳು ಒಂದು ಬಿಟ್ಟು ಒಂದು ಓರೆಯಾಗಿ ಕೂತು ಮಧ್ಯ ಮಧ್ಯ ಸಣ್ಣ ಸಣ್ಣ ಗುಳಿ ಬಿದ್ದಾಗ ಜೇನುಗೂಡಿನ ಹೆಸರು ಯಾಕೆ ಬಂತು ಅಂತ ಗೊತ್ತಾಗುತ್ತೆ. ಎಲ್ಲಾದ್ರೂ ಎರಡು ಉಬ್ಬು ಒಂದರ ಮೇಲೊಂದು ನೇರಕ್ಕೆ ಬಂದಿದ್ರೆ ಅಲ್ಲಿ ತಪ್ಪಾಗಿದೆ ಅಂತ ಅರ್ಥ, ಪರ್ಲ್ ಮೇಲೆ ಪರ್ಲ್ ಬಿದ್ದಿದೆ. ಅಕ್ಕಪಕ್ಕ ಎರಡು ಉಬ್ಬು ಬಂದಿದ್ರೂ ಹಾಗೇ, ಒಂದು ಸಿಂಪಲ್ ತಪ್ಪಿಸ್ಕೊಂಡಿದ್ದೀರ.

ಬಿಚ್ಚೋದು ಹೇಗೆ ಅನ್ನೋದನ್ನ ಹೊಸಬರಿಗೆ ಯಾರೂ ಸರಿಯಾಗಿ ಹೇಳಿಕೊಡಲ್ಲ, ಅದಕ್ಕೆ ಇಲ್ಲಿ ಸ್ವಲ್ಪ ಬಿಡಿಸಿ ಹೇಳ್ತೀನಿ. ಫಾರ್ವರ್ಡ್ ಪಾಸ್‌ನಲ್ಲೇ ತಪ್ಪು ಕಂಡ್ರೆ ಸುಲಭ, ಹುಕ್ಕಿನ ತುದಿಯಿಂದ ಒಂದೊಂದೇ ಲೂಪ್ ಜಾರಿಸಿ ದಾರ ಎಳೀರಿ, ತಪ್ಪಿದ ಜಾಗಕ್ಕೆ ಬಂದ್ಮೇಲೆ ಮತ್ತೆ ಶುರು. ರಿಟರ್ನ್ ಪಾಸ್ ಮಧ್ಯದಲ್ಲಿ ಅಥವಾ ಮುಗಿದ್ಮೇಲೆ ಗೊತ್ತಾದ್ರೆ ಒಂದೇ ಸಲ ದಾರ ಎಳೆದುಬಿಟ್ರೆ ಲೂಪ್ ಎಲ್ಲಾ ಗಾಳೀಲಿ ನಿಲ್ಲುತ್ತೆ, ಆಮೇಲೆ ಹಿಡಿಯೋದು ಕಷ್ಟ. ಅದರ ಬದಲು ಹುಕ್ಕಿನ ತುದೀಲಿರೋ ಲೂಪ್ ಬಿಟ್ಟು ದಾರವನ್ನ ಮೆಲ್ಲಗೆ ಎಳೆದ್ರೆ ಎರಡು ಲೂಪ್ ಬಿಚ್ಕೊಳ್ಳುತ್ತೆ, ಒಂದು ನಿಂತಿರೋ ಕಂಬದ್ದು, ಇನ್ನೊಂದು ಹಿಂದಿನ ಹೆಜ್ಜೇದು. ಮೊದಲು ಕಂಬದ ಲೂಪ್ ಒಳಗೆ, ಆಮೇಲೆ ಇನ್ನೊಂದರ ಒಳಗೆ ಹುಕ್ ತೂರಿಸಿ, ಮತ್ತೆ ತುದೀದು ಬಿಟ್ಟು ಎಳೀರಿ. ಹೀಗೆ ಒಂದೊಂದಾಗಿ ಎಡಕ್ಕೆ ಹೋಗ್ತಾ ಹೋದ್ರೆ ಲೂಪ್ ಎಲ್ಲಾ ಕಡ್ಡಿ ಮೇಲೆ ವಾಪಸ್ ಬರುತ್ತೆ. ನಾಲ್ಕೈದು ಸಾಲು ಕೆಳಗೆ ತಪ್ಪಿದ್ದು ಈಗ ಕಂಡ್ರೆ? ಒಂದೇ ಒಂದು ಉಬ್ಬು ತಪ್ಪಿದ್ದಕ್ಕೆ ಅಷ್ಟೆಲ್ಲಾ ಬಿಚ್ಚೋ ಅಗತ್ಯ ಇಲ್ಲ ಅನ್ನೋದು ನನ್ನ ಅಭಿಪ್ರಾಯ, ಮುಂದಿನ ಸಾಲಿಂದ ಸರಿ ಮಾಡ್ಕೊಂಡು ಹೋಗಿ, ಹಾಕಿದವರಿಗೆ ಬಿಟ್ಟು ಬೇರೆಯವರಿಗೆ ಕಾಣಲ್ಲ. ಆದ್ರೆ ಲೂಪ್ ಲೆಕ್ಕ ತಪ್ಪಿದ್ರೆ ಮಾತ್ರ ಬಿಚ್ಚಲೇಬೇಕು. ಪ್ರತಿ ಫಾರ್ವರ್ಡ್ ಪಾಸ್ ಮುಗಿದಾಗ ಕಡ್ಡಿ ಮೇಲೆ 20 ಇದ್ಯಾ ನೋಡಿ. 19 ಆಗಿದ್ರೆ ಬಹುತೇಕ ಎಡತುದಿಯ ಕೊನೇ ಕಂಬ ಬಿಟ್ಟಿರ್ತೀರ, 21 ಆಗಿದ್ರೆ ಬಲತುದಿಯ ಬಿಡಬೇಕಾಗಿದ್ದ ಕಂಬದಲ್ಲೂ ಹಾಕಿರ್ತೀರ ಇಲ್ಲಾ ಕಂಬ ಅನ್ಕೊಂಡು ಮಧ್ಯದ ಅಡ್ಡ ದಾರಕ್ಕೆ ಹಾಕಿರ್ತೀರ.

ಸುರುಳಿ ಸುತ್ತೋದು ಟ್ಯುನೀಶಿಯನ್‌ನ ದೊಡ್ಡ ಕಂಪ್ಲೇಂಟ್. ಬರೀ ಸಿಂಪಲ್ ಸ್ಟಿಚ್ ಹಾಕಿದ್ರೆ ಕೆಳಗಿನ ಅಂಚು ಮುಂದಕ್ಕೆ ಮಡಚ್ಕೊಂಡು ಬರುತ್ತೆ, ಹನಿಕೋಂಬ್‌ನಲ್ಲಿ ಅರ್ಧಕ್ಕರ್ಧ ಪರ್ಲ್ ಇರೋದ್ರಿಂದ ಆ ಎಳೆತ ತುಂಬ ಕಮ್ಮಿ ಆಗುತ್ತೆ, ಹೊಸಬರಿಗೆ ನಾನು ಇದನ್ನೇ ಹೇಳೋಕೆ ಅದೂ ಒಂದು ಕಾರಣ. ಆದ್ರೂ ಮೊದಲ ಎರಡು ಮೂರು ಸಾಲು ಸ್ವಲ್ಪ ಸುತ್ಕೊಳ್ಳುತ್ತೆ. ಹುಕ್ ದಪ್ಪದ್ದು ಇರಲಿ, ರಿಟರ್ನ್ ಪಾಸ್‌ನಲ್ಲಿ ದಾರ ಬಿಗಿ ಹಿಡೀಬೇಡಿ. ಎಷ್ಟೋ ಜನ ಲೂಪ್ ಎತ್ತುವಾಗ ಸಡಿಲ ಇಟ್ಟು, ವಾಪಸ್ ಬರುವಾಗ ಬೇಗ ಮುಗಿಸೋ ಆತುರದಲ್ಲಿ ಎಳೆದೆಳೆದು ಬಿಗಿ ಮಾಡ್ತಾರೆ, ಬಟ್ಟೆ ಅಗಲ ಕುಗ್ಗೋದು ಅಲ್ಲೇ. ಉಳಿದ ಸುರುಳಿ ಬ್ಲಾಕಿಂಗ್‌ನಲ್ಲಿ ಹೋಗುತ್ತೆ: ಕಾಟನ್ ಅಥವಾ ಉಣ್ಣೆ ಆದ್ರೆ ಒದ್ದೆ ಮಾಡಿ, ಹಿಂಡದೆ ಟವೆಲ್‌ನಲ್ಲಿ ಒತ್ತಿ ನೀರು ತೆಗೆದು, ಚಪ್ಪಟೆಯಾಗಿ ಹರಡಿ ಪಿನ್ ಚುಚ್ಚಿ ಒಣಗೋಕೆ ಬಿಡಿ. ಅಕ್ರಿಲಿಕ್ ಆದ್ರೆ ಸ್ಟೀಮ್ ಐರನ್‌ನ ಒಂದೆರಡು ಇಂಚು ಮೇಲೆ ಹಿಡಿದು ಬರೀ ಹಬೆ ತಾಗಿಸಿ, ಐರನ್ ಅಂತೂ ಹೆಣಿಗೆಗೆ ಮುಟ್ಟಿಸ್ಲೇಬೇಡಿ, ಅಕ್ರಿಲಿಕ್ ಕರಗಿ ಉಬ್ಬೆಲ್ಲಾ ಚಪ್ಪಟೆ ಆಗಿಹೋಗುತ್ತೆ, ಮತ್ತೆ ಎದ್ದೇಳಲ್ಲ.

ಕೈ ನೋವು ಬಂದ್ರೆ ಹುಕ್ ಹಿಡಿಯೋ ರೀತಿ ಬದಲಾಯಿಸಿ. ಪೆನ್ ಥರ ಹಿಡಿಯೋದಕ್ಕಿಂತ ಮೇಲಿಂದ ಅಂಗೈ ಮುಚ್ಚಿ ಹಿಡಿದ್ರೆ ಉದ್ದ ಕಡ್ಡಿಗೆ ಆರಾಮ. ಲೂಪ್ ತುಂಬಿದಾಗ ಹೆಣಿಗೆ ಭಾರ ಮಣಿಕಟ್ಟಿನ ಮೇಲೆ ಬೀಳದ ಹಾಗೆ ತೊಡೆ ಮೇಲೆ ಇಟ್ಕೊಳ್ಳಿ.

ಮುಗಿಸೋದು: ಬೇಕಾದಷ್ಟು ಉದ್ದ ಆದ್ಮೇಲೆ ಹಾಗೇ ದಾರ ಕತ್ತರಿಸಿದ್ರೆ ಮೇಲಿನ ಅಂಚು ತೂತು ತೂತಾಗಿ ಕಾಣುತ್ತೆ, ಅದಕ್ಕೆ ಕೊನೇಲಿ ಒಂದು ಮುಚ್ಚೋ ಸಾಲು ಬೇಕು. ಡಿಸೈನ್ ಪ್ರಕಾರ ಸಿಂಪಲ್ ಬರೋ ಕಡೆ ಸಿಂಪಲ್ ಥರ, ಪರ್ಲ್ ಬರೋ ಕಡೆ ದಾರ ಮುಂದೆ ತಂದು ಪರ್ಲ್ ಥರಾನೇ ಹುಕ್ ತೂರಿಸಿ, ಆದ್ರೆ ಎಳೆದ ಲೂಪನ್ನ ಕಡ್ಡಿ ಮೇಲೆ ಇಟ್ಕೊಳ್ದೆ ಅಲ್ಲಿರೋ ಲೂಪ್‌ನಿಂದಲೂ ಒಟ್ಟಿಗೆ ಹೊರಗೆ ಎಳೀರಿ. ಕಡ್ಡಿ ಮೇಲೆ ಯಾವಾಗ್ಲೂ ಒಂದೇ ಲೂಪ್ ಇರುತ್ತೆ. ಇದನ್ನ ಬಿಗಿ ಮಾಡಿದ್ರೆ ಮೇಲಿನ ಅಂಚು ಕೆಳಗಿನದಕ್ಕಿಂತ ಕಿರಿದಾಗುತ್ತೆ, ಹುಷಾರು. ಎಡತುದಿಗೆ ಬಂದ್ಮೇಲೆ ದಾರ ಕತ್ತರಿಸಿ, ಲೂಪ್ ಒಳಗಿಂದ ಎಳೆದು, ಬಾಲ ಉಳಿದಿದ್ದನ್ನ ದಪ್ಪ ಸೂಜಿಯಿಂದ ಹಿಂಭಾಗದಲ್ಲಿ ಹೊಲೀರಿ. ದಪ್ಪ ಬಟ್ಟೆ ಆಗಿರೋದ್ರಿಂದ ದಾರದ ತುದಿ ಮುಚ್ಚಿಡೋದು ಇಲ್ಲಿ ಬಹಳ ಸಲೀಸು.

ಮೊದಲ ಪ್ರಾಜೆಕ್ಟ್‌ಗೆ ಕಾಟನ್ ದಾರದಲ್ಲಿ ಪಾತ್ರೆ ಒರೆಸೋ ಚೌಕ ಮಾಡಿ ಅಂತೀನಿ. 30 ಚೈನ್, ಅಗಲ ಉದ್ದ ಸಮ ಆಗೋ ತನಕ ಸಾಲು, ಸುತ್ತ ಒಂದು ಸುತ್ತು ಸಿಂಗಲ್ ಕ್ರೋಶಾ, ಮೂಲೆಗಳಲ್ಲಿ ಒಂದೇ ಜಾಗದಲ್ಲಿ ಮೂರು. ಉಬ್ಬು ಇರೋದ್ರಿಂದ ಉಜ್ಜೋಕೂ ಚೆನ್ನಾಗಿರುತ್ತೆ, ಅಂಚು ಸ್ವಲ್ಪ ಸೊಟ್ಟಗಾದ್ರೂ ಯಾರೂ ಕೇಳಲ್ಲ. ಮಫ್ಲರ್ ಆಮೇಲೆ ಮಾಡ್ಬಹುದು, ಆದ್ರೆ ಟ್ಯುನೀಶಿಯನ್ ದಾರ ಜಾಸ್ತಿ ತಿನ್ನುತ್ತೆ ಅನ್ನೋದು ನೆನಪಿರಲಿ, ಉಂಡೆ ಒಂದು ಹೆಚ್ಚಿಗೇ ತಂದಿಟ್ಕೊಳ್ಳಿ.

ಎರಡು ಬಣ್ಣದಲ್ಲಿ ಹಾಕಿದ್ರೆ ಇನ್ನೂ ಚೆಂದ. ರಿಟರ್ನ್ ಪಾಸ್ ಕೊನೇಲಿ ಕಡ್ಡಿ ಮೇಲೆ ಎರಡೇ ಲೂಪ್ ಉಳಿದಾಗ ಹಳೇ ಬಣ್ಣ ಬಿಟ್ಟು ಹೊಸ ಬಣ್ಣ ಸುತ್ತಿ ಎಳೀರಿ, ಮುಂದಿನ ಸಾಲು ಆ ಬಣ್ಣದಲ್ಲಿ ಬರುತ್ತೆ. ಪ್ರತಿ ಸಾಲೂ ಬಲತುದೀಲೇ ಶುರುವಾಗಿ ಬಲತುದೀಲೇ ಮುಗಿಯೋದ್ರಿಂದ ಬಿಟ್ಟ ದಾರ ಅಲ್ಲೇ ಕಾಯ್ತಿರುತ್ತೆ, ಒಂದೊಂದು ಸಾಲಿಗೂ ಬಣ್ಣ ಬದಲಾಯಿಸಿದ್ರೂ ದಾರ ಕತ್ತರಿಸೋ ಹಾಗಿಲ್ಲ. ಮೇಲಕ್ಕೆ ತರುವಾಗ ಅಂಚಿನಲ್ಲಿ ಅದನ್ನ ಸ್ವಲ್ಪ ಸಡಿಲ ಬಿಡಿ, ಎಳೆದು ಬಿಗಿ ಮಾಡಿದ್ರೆ ಬಲಗಡೆ ಮಾತ್ರ ಸುಕ್ಕಾಗುತ್ತೆ.